ಜಂಬಿಟ್ಟಿಗೆ ಗುಡ್ಡದಲ್ಲಿ ಅರ್ತ್ ಹಿಡಿಸಿದ್ದು

ಏಪ್ರಿಲ್ ಗುಡುಗು ಶುರುವಾಯಿತೆಂದರೆ ನನ್ನ ಫೋನಿಗೆ ಬಿಡುವಿಲ್ಲ. ಇನ್ವರ್ಟರ್ ಹೋಯ್ತು, ಸ್ಟಾರ್ಟರ್ ಹೋಯ್ತು, ವೈಫೈ ಸುಟ್ಟಿತು. ಹೊಸನಗರ ಕಡೆಯ ಒಂದು ಗುಡ್ಡದ ಮನೆಯಲ್ಲಂತೂ ಎರಡು ಮೂರು ವರ್ಷದಲ್ಲಿ ಸುಮಾರು 60 ಸಾವಿರದ ಸಾಮಾನು ಹಾಳು.

ಸೋರಿದ ಕರೆಂಟನ್ನು, ಸಿಡಿಲಿನ ಹೊಡೆತವನ್ನು ನೆಲಕ್ಕಿಳಿಸುವ ಅರ್ತ್ ಇರಲಿಲ್ಲ ಅಂತಲ್ಲ. ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪು, ಉಪ್ಪು, ಇದ್ದಿಲು ಎಲ್ಲ ಇತ್ತು. ಆದರೆ ನಮ್ಮ ಮಳೆಗೆ ಉಪ್ಪು ಎಷ್ಟು ದಿನ ನಿಲ್ಲುತ್ತದೆ? ನೆಲ ಕರೆಂಟಿಗೆ ಒಡ್ಡುವ ತಡೆಯನ್ನು ಓಮ್‌ನಲ್ಲಿ ಅಳೆಯುತ್ತೇವೆ, ಕಡಿಮೆ ಇದ್ದಷ್ಟೂ ಒಳ್ಳೆಯದು. ಆಗಸ್ಟಿನಲ್ಲಿ 30 ಓಮ್ ಇದ್ದ ಅರ್ತ್ ಗುಂಡಿ (ಪಿಟ್), ಮಾರ್ಚಿನಲ್ಲಿ 120ರ ಹತ್ತಿರ. ಮಳೆಗಾಲದಲ್ಲಿ ಅಳೆದು ಬಿಲ್ ಮಾಡುವವರಿಗೆ ಇದು ಗೊತ್ತೇ ಇರುತ್ತದೆ, ಅಲ್ವಾ?

ಆಳಕ್ಕೆ ಇಳಿಸೋಣ ಅಂತ ಬೋರ್ ಹೊಡೆಸಿದೆವು. ಕಲ್ಲು ಸಿಕ್ಕಿತು. ಏಳೆಂಟು ಸಾವಿರ ಖರ್ಚು, ಇಳಿದದ್ದು ಹತ್ತೋ ಹದಿನೈದೋ ಓಮ್. "ಈ ಗುಡ್ಡಕ್ಕೆ ಅರ್ತ್ ಹಿಡಿಯಲ್ಲ ಮಾರಾಯ, ಗುಡುಗಿದಾಗ ಪ್ಲಗ್ ಕಿತ್ತಿಡೋದೇ ವಾಸಿ" ಅಂದರು ಯಜಮಾನರು. ನಮ್ಮ ವೈರಿಂಗ್ ಕಸುಬಿನವರೂ ನಕ್ಕರು.

ಆಳ ಬಿಟ್ಟು ಅಡ್ಡಕ್ಕೆ ಹೋದೆ. ಮನೆಯ ಬುಡದಿಂದ ತೋಟದ ಕಡೆಗೆ ಮೊಣಕಾಲುದ್ದ ಕಾಲುವೆ ತೋಡಿಸಿ ಬರಿಯ ಜಿಐ ಪಟ್ಟಿ ಮಲಗಿಸಿದೆ. ನಡುನಡುವೆ ರಾಡ್. ರಾಡಿನ ಉದ್ದದ ಎರಡು ಪಟ್ಟು ದೂರ ಬಿಡದಿದ್ದರೆ ಎರಡನೆಯದು ದಂಡ. ಸುತ್ತ ಬೆಂಟೊನೈಟ್ (ನೀರು ಹಿಡಿದಿಡುವ ಜೇಡಿ), ಅದಕ್ಕೆ ಬೆರೆಸಿದ್ದು ಇನ್ನೊಂದಿದೆ, ಅದನ್ನು ಮಾತ್ರ ಹೇಳಲ್ಲ, ಹೊಟ್ಟೆಪಾಡು. ಬಚ್ಚಲ ನೀರನ್ನೂ ಅದರ ಮೇಲೇ ಹರಿಸಿದೆ. ಅಡಿಕೆ ಸಿಪ್ಪೆ ಸುಟ್ಟ ಇದ್ದಿಲನ್ನು ಬೇರೆ ಪಿಟ್‌ನಲ್ಲಿ ಹಾಕಿ ನೋಡಿದೆ. ಕೈ ಕಪ್ಪಾಯಿತು, ಓಮ್ ಇಳಿಯಲಿಲ್ಲ.

ಮುಂದಿನ ಮಾರ್ಚಿನಲ್ಲಿ 6-7 ಓಮ್! ಒಟ್ಟು ಖರ್ಚು 25 ಸಾವಿರದೊಳಗೆ.

ಆದರೆ ಸಾಮಾನು ಉಳಿಸಿದ್ದು ಬರೀ ಓಮ್ ಅಲ್ಲ. ಆ ಮನೆಯಲ್ಲಿ ಮೀಟರಿಗೊಂದು, ಇನ್ವರ್ಟರಿಗೊಂದು, ಡಿಶ್ಶಿಗೊಂದು ಬೇರೆ ಬೇರೆ ಅರ್ತ್ ಇತ್ತು. ಹತ್ತಿರ ಸಿಡಿಲು ಬಿದ್ದರೆ ಒಂದು ಅರ್ತಿನಿಂದ ಇನ್ನೊಂದಕ್ಕೆ ಕರೆಂಟು ಟಿವಿ ಒಳಗಿಂದಲೇ ದಾಟುತ್ತದೆ. ಎಲ್ಲ ಅರ್ತನ್ನೂ ಒಂದೇ ಅರ್ತ್ ಬಾರ್‌ಗೆ (ಲೋಹದ ಪಟ್ಟಿಗೆ) ಕಟ್ಟಿದೆ. ಸಿಡಿಲಿನ ಹೊಡೆತವನ್ನು ಅರ್ತಿಗೆ ತಿರುಗಿಸುವ ಎಸ್‌ಪಿಡಿ ಮೊದಲೇ ಇತ್ತು, ಆದರೆ ಅದರ ವೈರನ್ನು ಚಂದ ಕಾಣಲಿ ಅಂತ ಯಾರೋ ಸುರುಳಿ ಸುತ್ತಿದ್ದರು. ವೈರು ಉದ್ದವಾದಷ್ಟೂ ಅದರ ಕೆಲಸ ಕೆಡುತ್ತದೆ. ಕತ್ತರಿಸಿ ಎರಡು ಗೇಣಿಗೆ ಇಳಿಸಿದೆ.

ಗಾಳಿಗೆ ಕೊಂಬೆ ಬಿದ್ದು ಕಂಬದಲ್ಲಿ ನ್ಯೂಟ್ರಲ್ ಕಿತ್ತರೆ ಮಾತ್ರ ಇದ್ಯಾವುದೂ ಸಾಲದು. 230 ವೋಲ್ಟ್ ಇದ್ದಲ್ಲಿ 350 ಕೂಡ ಬರಬಹುದು, ಎಸ್‌ಪಿಡಿಯೇ ಸುಡುತ್ತದೆ. ಅದಕ್ಕೆ 270ಕ್ಕೆ ಕಡಿಯುವ ಓವರ್‌ವೋಲ್ಟೇಜ್ ರಿಲೇ ಬೇರೆ ಹಾಕಿದೆ.

ಎರಡು ಗುಡುಗಿನ ಕಾಲ ಕಳೆಯಿತು, ಒಂದು ಬಲ್ಬೂ ಹೋಗಿಲ್ಲ. ನಕ್ಕವರೇ ಈಗ ಪಟ್ಟಿಯ ಅಳತೆ ಕೇಳುತ್ತಾರೆ. 25ಕ್ಕೆ 6 ಎಂಎಂ, ಶಿವಮೊಗ್ಗದಲ್ಲೇ ಸಿಗುತ್ತದೆ. ಜಾಯಿಂಟಿಗೆ ಬೋಲ್ಟ್ ಬೇಡ, ವೆಲ್ಡ್ ಮಾಡಿಸಿ ಟಾರ್ ಬಳಿಯಿರಿ.