ಮೈಸೂರು, ಮಂಗಳೂರು: ಕಿರುಬೆರಳಲ್ಲಿ ಸ್ಕೈಲೈನ್ ಅಳೆಯುವುದು ಹೇಗೆ?

ನನ್ನ ತವರು ಮೈಸೂರು, ಗಂಡನ ಮನೆ ಮಂಗಳೂರು. ದಸರಾಕ್ಕೆ ಎಲ್ಲರೂ ಸೇರಿದರೆ ಅಣ್ಣನಿಗೂ ಮೈದುನನಿಗೂ ಪ್ರತಿ ವರ್ಷ ಅದೇ ವಾದ: ದೂರದಿಂದ ನೋಡಿದರೆ ಯಾರ ಊರು ಚೆಂದ? ಮೈದುನ ಮಹಡಿ ಎಣಿಸುತ್ತಾನೆ, ಅಣ್ಣ ಅರಮನೆ ತೋರಿಸುತ್ತಾನೆ. ಊರು ಆಕಾಶಕ್ಕೆ ತಾಗುವ ಗೆರೆಯೇ ಸ್ಕೈಲೈನ್ ಅಲ್ವಾ? ಹಾಗಾದರೆ ಆ ಗೆರೆಯನ್ನು ಬರೆದು ನೋಡಬೇಕು. ನಾನು ಡ್ರಾಯಿಂಗ್ ಟೀಚರ್. ಮಕ್ಕಳಿಗೆ ಕಲಿಸುವ ವಿಧಾನವನ್ನೇ ಹೇಳುತ್ತೇನೆ.

ಮೊದಲು ಜಾಗ ಹುಡುಕಿ. ಚಾಮುಂಡಿ ಬೆಟ್ಟದ ಮೇಲೆ ನಿಂತು ಬರೆಯಬೇಡಿ. ಅಲ್ಲಿಂದ ಫಿಲೋಮಿನಾ ಚರ್ಚಿನ 175 ಅಡಿಯ ಗೋಪುರಗಳೂ ನೆಲಕ್ಕೆ ಅಂಟಿದ ಹಾಗೆ ಕಾಣುತ್ತವೆ, ಆಕಾಶ ಮುಟ್ಟುವುದೇ ಇಲ್ಲ. ತಗ್ಗಿನಲ್ಲಿ, ಎದುರಿಗೆ ನೀರಿರುವ ಕಡೆ ನಿಲ್ಲಿ. ಮೈಸೂರಿನಲ್ಲಿ ನಾನು ಕುಕ್ಕರಹಳ್ಳಿ ಕೆರೆಯ ಮಾನಸಗಂಗೋತ್ರಿ ಕಡೆಯ ದಡದಲ್ಲಿ ಕೂರುತ್ತೇನೆ. ಮಂಗಳೂರಿನಲ್ಲಾದರೆ ಬಂದರಿನಿಂದ ದೋಣಿ ಹತ್ತಿ ಬೆಂಗ್ರೆಗೆ ಹೋಗಿ, ಹೊಳೆಯ ಆಚೆಯಿಂದ ತಿರುಗಿ ನೋಡುತ್ತೇನೆ. ಎರಡೂ ಕಡೆ ನಮ್ಮ ಮುಖ ಪೂರ್ವದತ್ತ ಇರುತ್ತದೆ. ಬೆಳಿಗ್ಗೆ ಬೇಗ ಹೋದರೆ ಬೆಳಕು ಊರಿನ ಹಿಂದಿನಿಂದ ಬಂದು ಗೆರೆ ಕಪ್ಪಗೆ, ಸ್ಪಷ್ಟವಾಗಿ ಕಾಣುತ್ತದೆ. ಮಳೆಗಾಲ ಬೇಡ, ಕರಾವಳಿಯಲ್ಲಂತೂ ಏನೂ ಕಾಣುವುದಿಲ್ಲ.

ಇನ್ನು ಅಳತೆ. ತೋಳನ್ನು ಪೂರ್ತಿ ಚಾಚಿ, ಒಂದು ಕಣ್ಣು ಮುಚ್ಚಿ. ಕಿರುಬೆರಳಿನ ಅಗಲ ಸುಮಾರು 1 ಡಿಗ್ರಿ, ಮುಷ್ಟಿ ಸುಮಾರು 10 ಡಿಗ್ರಿ. 3 ಕಿ.ಮೀ. ದೂರದಲ್ಲಿ ಒಂದು ಕಿರುಬೆರಳು ಎಂದರೆ ಸುಮಾರು 50 ಮೀಟರ್ ಎತ್ತರ, 6 ಕಿ.ಮೀ. ಆದರೆ 100 ಮೀಟರ್. ದೂರವನ್ನು ಫೋನಿನ ಮ್ಯಾಪಿನಲ್ಲಿ ನೋಡಿಕೊಳ್ಳಿ. ದೂರ ಗೊತ್ತಿಲ್ಲದೆ ಎತ್ತರ ಹೋಲಿಸಿದರೆ ಹತ್ತಿರದ ತೆಂಗಿನಮರವೇ ಗೆಲ್ಲುತ್ತದೆ.

ಈಗ ಎಡದಿಂದ ಬಲಕ್ಕೆ, ಪೆನ್ಸಿಲ್ ಎತ್ತದೆ ಒಂದೇ ಗೆರೆ ಎಳೆಯಿರಿ. ಮರ, ಗುಡ್ಡ, ನೀರಿನ ಟ್ಯಾಂಕ್ ಯಾವುದನ್ನೂ ಬಿಡಬೇಡಿ. ಆಮೇಲೆ ಅದರ ಕೆಳಗೆ ಇನ್ನೊಂದು ಬಣ್ಣದಲ್ಲಿ ನೆಲದ ಗೆರೆ ಹಾಕಿ. ನನಗೆ ಅತಿ ಮುಖ್ಯ ಅನ್ನಿಸುವುದು ಇದೇ. ಮಂಗಳೂರು ಸಮತಟ್ಟಾದ ಊರಲ್ಲ. ಬಾವುಟಗುಡ್ಡೆ, ಕದ್ರಿ ಕಡೆಯ ಅಪಾರ್ಟ್‌ಮೆಂಟುಗಳ ಎತ್ತರದಲ್ಲಿ ಗುಡ್ಡದ ಪಾಲೂ ಇದೆ. ನೆಲದ ಗೆರೆ ಹಾಕಿದಾಗಲೇ ಮೈದುನ ಮೊದಲ ಸಲ ಸುಮ್ಮನಾದ. ಆದರೆ ಗುಡ್ಡ ಕಳೆದ ಮೇಲೂ ತೆಂಗಿನ ಸಾಲಿನ ಮೇಲೆ ಬಿಳಿ ಕಟ್ಟಡಗಳು ಹಲ್ಲಿನ ಹಾಗೆ ಎದ್ದು ನಿಲ್ಲುತ್ತವೆ. ಆ ನೋಟ ನನಗೆ ತುಂಬಾ ಇಷ್ಟ.

ಮೈಸೂರಿನ ಹಾಳೆಯಲ್ಲಿ ಅಂಥ ಹಲ್ಲುಗಳಿಲ್ಲ. ಉದ್ದಕ್ಕೆ ಮರಗಳು, ಅವುಗಳ ಹಿಂದೆ ಚಾಮುಂಡಿ ಬೆಟ್ಟ. ಊರಿನ ನೆಲದಿಂದ ಬೆಟ್ಟ ಸುಮಾರು 300 ಮೀಟರ್ ಎತ್ತರ. ಕುಕ್ಕರಹಳ್ಳಿಯಿಂದ ಹತ್ತಿರ ಹತ್ತಿರ 6 ಕಿ.ಮೀ. ಎಂದರೆ ಮೂರು ಕಿರುಬೆರಳು. ಅರಮನೆಯ ಗೋಪುರ 145 ಅಡಿ, ಅಷ್ಟು ದೂರದಲ್ಲಿ ಇಟ್ಟರೆ ಅರ್ಧ ಬೆರಳೂ ಆಗುವುದಿಲ್ಲ. ಅಣ್ಣನಿಗೆ ಇದು ಸ್ವಲ್ಪ ಕಹಿ. ಅರಮನೆಯ ಚೆಂದ ಬೇರೆ, ಅದನ್ನು ಭಾನುವಾರ ಸಂಜೆ ದೀಪ ಹಚ್ಚಿದಾಗ ಹತ್ತಿರದಿಂದಲೇ ನೋಡಬೇಕು.

ಎರಡೂ ಹಾಳೆಗಳನ್ನು ಒಂದೇ ಅಳತೆಗೆ ತಂದು ಕಿಟಕಿಯ ಗಾಜಿಗೆ ಒಂದರ ಮೇಲೊಂದು ಅಂಟಿಸಿ. ಕಳೆದ ವರ್ಷ ಹಾಗೆ ಅಂಟಿಸಿದ್ದು ನಮ್ಮ ಅಡುಗೆಮನೆಯ ಕಿಟಕಿಯಲ್ಲಿ ಇನ್ನೂ ಇದೆ. ಮಂಗಳೂರಿನ ಕಟ್ಟಡಗಳು ಚಾಮುಂಡಿ ಬೆಟ್ಟದ ಮಡಿಲಲ್ಲಿ ನಿಂತಿವೆ.