ಚೆರ್ರಿ ಗಿಡಕ್ಕೂ ಚಾಟ್ನಿ ಬೇಕು: ನನ್ನ ಅನುಭವ

ನಾನು ಬೆಳೆದದ್ದು ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯ ದ್ರಾಕ್ಷಿ ತೋಟದಲ್ಲಿ. ಗಿಡದ ಕೊಂಬೆ ಕತ್ತರಿಸುವುದಕ್ಕೆ ನಮ್ಮ ಕಡೆ ಚಾಟ್ನಿ ಅನ್ನುತ್ತಾರೆ. ಈಗ ಇರುವುದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಯಾಕಿಮಾ ಕಣಿವೆಯಲ್ಲಿ. ಮನೆ ಹಿಂದೆ ಹತ್ತು ಗುಂಟೆ ಜಾಗ ಇದೆ. ಅಕ್ಕಪಕ್ಕ ಸೇಬು, ಬಿಯರ್‌ಗೆ ಹಾಕುವ ಹಾಪ್ಸ್ ಬೆಳೆಯುತ್ತಾರೆ. ನನಗೆ ಮಾತ್ರ ಚೆರ್ರಿ ಮೇಲೆ ಆಸೆ. ಮೂರು ಬಿಂಗ್, ಮೂರು ಲ್ಯಾಂಬರ್ಟ್ ನೆಟ್ಟೆ. 'ಎರಡು ತಳಿ ಇದ್ದರೆ ಸಾಕು, ಒಂದಕ್ಕೊಂದು ಪರಾಗ ಸಿಗುತ್ತದೆ' ಎಂದು ಗಿಡ ಮಾರಿದವರು ಹೇಳಿದ್ದರು.

ಐದನೇ ವರ್ಷದ ಏಪ್ರಿಲ್‌ನಲ್ಲಿ ಗಿಡದ ತುಂಬ ಬಿಳಿ ಹೂ. ಜೇನೂ ಚೆನ್ನಾಗಿ ಬಂತು. ಮೂರು ವಾರ ಕಳೆಯುವುದರೊಳಗೆ ಜೋಳದ ಕಾಳಿನಷ್ಟಿದ್ದ ಕಾಯಿಗಳು ಹಳದಿಯಾಗಿ ಉದುರಿ ಹೋದವು. ಮುಂದಿನ ವರ್ಷವೂ ಅದೇ ಕಥೆ. ಆಮೇಲೆ ಓದಿ ತಿಳಿದುಕೊಂಡೆ. ಪ್ರತಿ ಚೆರ್ರಿ ತಳಿಗೂ ಎರಡು ಎಸ್ ಜೀನ್ ಗುರುತು ಇರುತ್ತವೆ. ಬಿಂಗ್‌ನದು ಎಸ್3, ಎಸ್4. ಲ್ಯಾಂಬರ್ಟ್‌ನದೂ ಅದೇ. ಪರಾಗದ ಒಂದೊಂದು ಕಣದಲ್ಲಿ ಈ ಎರಡರಲ್ಲಿ ಒಂದೇ ಇರುತ್ತದೆ. ಆ ಗುರುತು ಹೂವಿನಲ್ಲೂ ಇದ್ದರೆ, ಹೂವಿನೊಳಗೆ ಇಳಿಯುವ ಪರಾಗದ ನಳಿಕೆ ಅರ್ಧ ದಾರಿಯಲ್ಲೇ ನಿಂತುಬಿಡುತ್ತದೆ. ನಮ್ಮ ಕಡೆ ಒಂದೇ ಬೆಡಗಿನವರಲ್ಲಿ ಬೀಗತನ ಮಾಡುವುದಿಲ್ಲ ಅಲ್ವಾ, ಹಾಗೇ. ಗಿಡ ಕೊಳ್ಳುವ ಮುಂಚೆ ಈ ಗುರುತುಗಳನ್ನು ಒಮ್ಮೆ ನೋಡಿಕೊಂಡಿದ್ದರೆ ನನ್ನ ಎರಡು ವರ್ಷ ಉಳಿಯುತ್ತಿತ್ತು.

ಒಂದು ಲ್ಯಾಂಬರ್ಟ್ ಗಿಡದ ಕೊಂಬೆಗಳಿಗೆ ರೇನಿಯರ್ ಕಸಿ ಮಾಡಿದೆ. ರೇನಿಯರ್‌ನ ಗುರುತು ಎಸ್1, ಎಸ್4. ಅದರ ಎಸ್1 ಪರಾಗ ಬಿಂಗ್‌ಗೆ ಸಾಕು. ಜೊತೆಗೆ ಎರಡು ಲ್ಯಾಪಿನ್ಸ್ ಗಿಡ ತಂದು ನೆಟ್ಟೆ. ಗಿಸೆಲಾ 5 ಎಂಬ ಗಿಡ್ಡ ಬೇರುಸಸಿಯ ಮೇಲೆ ಕಸಿ ಮಾಡಿದ ಗಿಡಗಳು. ಲ್ಯಾಪಿನ್ಸ್‌ಗೆ ಬೇರೆ ತಳಿಯ ಹಂಗಿಲ್ಲ, ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ.

ಗಿಸೆಲಾ ಮೇಲಿನ ಗಿಡ ಬೇಗ ಫಲಕ್ಕೆ ಬರುತ್ತದೆ. ನಾಲ್ಕನೇ ವರ್ಷಕ್ಕೆ ಕೊಂಬೆಗಳು ಬಾಗುವಷ್ಟು ಕಾಯಿ. ನನಗೆ ಖುಷಿಯೋ ಖುಷಿ. ಊರಿಗೆ ಫೋನ್ ಮಾಡಿದೆ. ಅಪ್ಪ ಕೇಳಿದ್ದು ಒಂದೇ ಮಾತು: 'ಗಿಡಕ್ಕ ಕಾಯಿ ಎಷ್ಟ ಬಿಟ್ಟೀ?' ಇದ್ದಷ್ಟೂ ಬಿಟ್ಟಿದ್ದೇನೆ ಎಂದೆ. 'ಹಂಗಾದ್ರ ಒಂದೂ ಛಲೋ ಬರೂದಿಲ್ಲ ನೋಡು.'

ಹಾಗೇ ಆಯಿತು. ಹಣ್ಣು 20 ಮಿಲಿಮೀಟರ್ ದಾಟಲಿಲ್ಲ. ಸಿಹಿ ಅಳೆಯುವ ಬ್ರಿಕ್ಸ್ ಮೀಟರ್‌ಗೆ ರಸ ಹಾಕಿದರೆ 13. ಬಾಯಿಗೆ ಹಾಕಿಕೊಂಡರೆ ಬರೀ ನೀರು. ಒಂದು ಗೊಂಚಲು ಕಿತ್ತು ಅಂಗೈಯಲ್ಲಿಟ್ಟು ಎಣಿಸಿದೆ. ಹದಿನೆಂಟು ಹಣ್ಣು, ಅವುಗಳ ಬುಡದಲ್ಲಿ ಏಳೇ ಎಲೆ. ಒಂದು ಹಣ್ಣಿಗೆ ಐದಾರು ಎಲೆಯಾದರೂ ಬೇಕು. ಸಕ್ಕರೆ ಬರುವುದೇ ಎಲೆಯಿಂದ ತಾನೇ.

ಅಂದಿನಿಂದ ಫೆಬ್ರವರಿ ಕೊನೆಗೆ, ಒಣ ಹವೆ ನೋಡಿ ಚಾಟ್ನಿ ಮಾಡುತ್ತೇನೆ. ಚೆರ್ರಿ ಬಿಡುವುದು ಹೆಚ್ಚಾಗಿ ಹಳೆಯ ಕೊಂಬೆಯ ಮೇಲಿನ ಗಿಡ್ಡ ಚಿಗುರುಗಳಲ್ಲಿ. ಅದನ್ನು ಇಲ್ಲಿ ಸ್ಪರ್ ಅನ್ನುತ್ತಾರೆ. ವಯಸ್ಸಾದ, ಜೋತುಬಿದ್ದ ಕೊಂಬೆಗಳನ್ನು ಪೂರ್ತಿ ತೆಗೆಯುತ್ತೇನೆ. ಹೋದ ವರ್ಷ ಬೆಳೆದ ರೆಂಬೆಗಳ ತುದಿಯ ಮೂರನೇ ಒಂದು ಭಾಗ ಕತ್ತರಿಸುತ್ತೇನೆ. ಮುಂದೆ ಸ್ಪರ್‌ಗಳು ಜಾಸ್ತಿಯಾಗುವುದು ಆ ತುದಿಯಲ್ಲೇ. ಮೊಗ್ಗು ತುಂಬಿದ ರೆಂಬೆಗೆ ಕತ್ತರಿ ಹಾಕುವಾಗ ಈಗಲೂ ಕೈ ತಡೆಯುತ್ತದೆ. ಆದರೆ ಎರಡೇ ವರ್ಷದಲ್ಲಿ ಲ್ಯಾಪಿನ್ಸ್ 28 ಮಿಲಿಮೀಟರ್‌ಗೆ ಬಂತು, ಬ್ರಿಕ್ಸ್ 18. ತೂಕ ಕಡಿಮೆಯಾಯಿತು, ನಿಜ. ಹಣ್ಣು ಮಾತ್ರ ಹಣ್ಣಾಯಿತು. ಗೊಬ್ಬರ, ನೀರು ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಈ ಕತ್ತರಿಯೇ.

ದ್ರಾಕ್ಷಿಗೆ ಕೊಡುವ ಬೆಳವಣಿಗೆಯ ಹಾರ್ಮೋನ್ ಜಿಬ್ಬರಲಿಕ್ ಆಮ್ಲವನ್ನು, ಅದೇ ನಮ್ಮ ಜಿ.ಎ., ಇಲ್ಲೂ ಹೊಡೆಯುತ್ತಾರೆ. ಕಾಯಿ ಹಸಿರು ಬಿಟ್ಟು ಒಣಹುಲ್ಲಿನ ಬಣ್ಣಕ್ಕೆ ತಿರುಗಿದಾಗ ಒಂದು ಸಲ. ನಾನು ಹಾಕುವುದು ಲೀಟರಿಗೆ 10 ಮಿಲಿಗ್ರಾಂ. ಹಣ್ಣು ಕೆಲವು ದಿನ ತಡವಾಗಿ ಕೆಂಪಾಗುತ್ತದೆ, ಆದರೆ ಗಟ್ಟಿಯಾಗಿರುತ್ತದೆ.

ಮಳೆಗೆ ಮಾತ್ರ ಔಷಧಿ ಇಲ್ಲ. ಒಂದು ಜೂನ್ ರಾತ್ರಿ ಮಳೆ ಬಿತ್ತು. ಬೆಳಿಗ್ಗೆ ನೋಡಿದರೆ ಪ್ರತಿ ಬಿಂಗ್ ಹಣ್ಣಿನ ತೊಟ್ಟಿನ ಕುಳಿಯಲ್ಲೂ ಒಂದು ಹನಿ ನಿಂತಿದೆ. ಮಧ್ಯಾಹ್ನದ ಹೊತ್ತಿಗೆ ಆ ಹನಿಯ ಸುತ್ತಲೂ ಸಿಪ್ಪೆ ಬಿರಿದಿತ್ತು. ದೊಡ್ಡ ತೋಟದವರು ಹೆಲಿಕಾಪ್ಟರ್ ಹಾರಿಸಿ ನೀರು ಉದುರಿಸುತ್ತಾರೆ. ನಾನು ಮತ್ತು ನನ್ನ ಹೆಂಡತಿ ಕೊಂಬೆ ಅಲುಗಾಡಿಸಿದೆವು. ಬಿಂಗ್ ಅರ್ಧಕ್ಕರ್ಧ ಹೋಯಿತು, ಲ್ಯಾಪಿನ್ಸ್ ಬಹುಪಾಲು ಉಳಿಯಿತು.

ಕೊಯ್ಲಿಗೆ ಅವಸರ ಬೇಡ. ಮಾವಿನ ಹಾಗೆ ಹುಲ್ಲಿನಲ್ಲಿಟ್ಟು ಹಣ್ಣು ಮಾಡಲು ಬರುವುದಿಲ್ಲ, ಕಿತ್ತ ಮೇಲೆ ಸಿಹಿ ಏರುವುದಿಲ್ಲ. ಬೆಳಗಿನ ತಂಪಿನಲ್ಲಿ ತೊಟ್ಟಿನ ಸಮೇತ ಕೀಳಿ. ಸ್ಪರ್ ಮುರಿಯಬೇಡಿ, ಮುಂದಿನ ವರ್ಷದ ಹೂವಿನ ಮೊಗ್ಗು ಅಲ್ಲೇ ಇರುತ್ತದೆ. ಕಿತ್ತ ಕೂಡಲೇ ಐಸ್ ನೀರಿಗೆ ಹಾಕಿ.

ಇನ್ನು ನನ್ನ ತಳಿ ಪ್ರಯೋಗ. ಇಂಗ್ಲೆಂಡಿನ ಜಾನ್ ಇನ್ನಿಸ್ ಸಂಸ್ಥೆಯಲ್ಲಿ ಚೆರ್ರಿ ಪರಾಗಕ್ಕೆ ಎಕ್ಸ್‌ರೇ ಕೊಟ್ಟಿದ್ದರಿಂದ ಎಸ್4 ಗುರುತು ಕೆಟ್ಟು, ಆ ಪರಾಗವನ್ನು ಯಾವ ಹೂವೂ ತಡೆಯದಂತಾಯಿತು. ಕೆನಡಾದ ಸಮ್ಮರ್‌ಲ್ಯಾಂಡ್‌ನಲ್ಲಿ ಅದರಿಂದ 1968ರಲ್ಲಿ ಸ್ಟೆಲ್ಲಾ ತಳಿ ಬಂತು. ಸ್ಟೆಲ್ಲಾದ ಮಗನೇ ಲ್ಯಾಪಿನ್ಸ್. ಅದರ ಪರಾಗದಲ್ಲಿ ಅರ್ಧ ಎಸ್1, ಅರ್ಧ ಈ ಕೆಟ್ಟ ಎಸ್4. ರೇನಿಯರ್ ಹೂವಿಗೆ ಹಾಕಿದರೆ ಎಸ್1 ನಿಂತುಹೋಗುತ್ತದೆ, ಇನ್ನೊಂದು ಮಾತ್ರ ಒಳಗೆ ಹೋಗುತ್ತದೆ. ಅಂದರೆ ಹುಟ್ಟುವ ಸಸಿಗಳೆಲ್ಲ ಒಂಟಿಯಾಗಿಯೇ ಕಾಯಿ ಕಟ್ಟುತ್ತವೆ! ಇದು ಹೊಳೆದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅರಳುವ ಹಿಂದಿನ ದಿನದ ರೇನಿಯರ್ ಮೊಗ್ಗುಗಳ ಎಸಳು, ಕೇಸರಗಳನ್ನು ಉಗುರಿನಿಂದ ಚಿವುಟಿದೆ. ಎಸಳಿಲ್ಲದ ಹೂವಿಗೆ ಜೇನು ಬರುವುದು ಕಡಿಮೆ. ಒಣಗಿಸಿಟ್ಟ ಲ್ಯಾಪಿನ್ಸ್ ಪರಾಗವನ್ನು ಬೆರಳ ತುದಿಯಿಂದ ಎರಡು ದಿನ ಮುಟ್ಟಿಸಿದೆ. ಬೇಗ ಹಣ್ಣಾಗುವ ತಳಿಯನ್ನು ತಾಯಿಯಾಗಿ ಆರಿಸಬೇಡಿ, ಬೀಜ ಹೆಚ್ಚಾಗಿ ಜೊಳ್ಳು. ಸಿಕ್ಕ ಬೀಜಗಳನ್ನು ಒದ್ದೆ ಮರಳಿನಲ್ಲಿ ನಾಲ್ಕು ತಿಂಗಳು ಫ್ರಿಜ್‌ನಲ್ಲಿಟ್ಟೆ. ಒಂಬತ್ತು ಮೊಳೆತವು. ಐದು ವರ್ಷಕ್ಕೆ ಮೂರು ಫಲ ಬಿಟ್ಟವು. ಎರಡರ ಹಣ್ಣು ಮೆತ್ತಗೆ, ಕಿತ್ತುಹಾಕಿದೆ. ಮೂರನೆಯದು ಸಣ್ಣದು, ಆದರೆ ಕಚ್ಚಿದರೆ ಕಟುಂ ಎನ್ನುತ್ತದೆ, ಬ್ರಿಕ್ಸ್ 21. ಈ ಮಾರ್ಚ್‌ನಲ್ಲಿ ಅದನ್ನು ಗಿಸೆಲಾ ಮೇಲೆ ಕಸಿ ಮಾಡಿದ್ದೇನೆ. ಕಾಯಿ ಕಡಿಮೆ ಬಿಟ್ಟು ಬೆಳೆಸಿದರೆ ಅದು ಎಷ್ಟು ದಪ್ಪ ಬರುತ್ತದೆ ಎಂದು ನೋಡಬೇಕು.