ಯುದ್ಧಕಾಲದ ಪತ್ರ ಓದುದು ಹೇಗೆ? ಮೊದ್ಲು ಹೆಸರು ನೋಡಿ ಮಾರಾಯ್ರೆ

ಮೊನ್ನೆ ಬದಿಯಡ್ಕದ ಒಬ್ಬ ಡಿಗ್ರಿ ಹುಡುಗ ಫೋನ್ ಮಾಡಿದ್ದ, ಪ್ರಾಜೆಕ್ಟಿಗೆ ಎರಡನೇ ಮಹಾಯುದ್ಧದ ಕಾಲದ ಬ್ರಿಟಿಷ್ ಮಂತ್ರಿ ಲಾರ್ಡ್ ಹ್ಯಾಲಿಫ್ಯಾಕ್ಸ್ ಮತ್ತೆ ಲಂಡನ್ನಿನ 'ಟೈಮ್ಸ್' ಪೇಪರಿನ ಎಡಿಟರ್ ಜೆಫ್ರಿ ಡಾಸನ್ ಬರೆದುಕೊಂಡ ಪತ್ರಗಳು ತಗೊಂಡಿದ್ದೇನೆ, ಎಲ್ಲಿಂದ ಶುರು ಮಾಡುದು ಅಂತ. ಪತ್ರ ಆಮೇಲೆ ಓದು, ಮೊದ್ಲು ಹೆಸರು ಸರಿ ಮಾಡ್ಕೋ ಅಂದೆ.

ಈ ಹ್ಯಾಲಿಫ್ಯಾಕ್ಸ್ ಅಂದ್ರೆ 1931ರಲ್ಲಿ ಗಾಂಧೀಜಿ ಜೊತೆ ಒಪ್ಪಂದ ಮಾಡಿದ ವೈಸ್‌ರಾಯ್ ಇರ್ವಿನ್ನೇ! ಹುಟ್ಟುವಾಗ ಎಡ್ವರ್ಡ್ ವುಡ್, 1925ರಲ್ಲಿ ಇರ್ವಿನ್, 1934ರಲ್ಲಿ ಅಪ್ಪ ತೀರಿಕೊಂಡ ಮೇಲೆ ಹ್ಯಾಲಿಫ್ಯಾಕ್ಸ್. ಡಾಸನ್ ಕೂಡ 1917ರ ತನಕ ರಾಬಿನ್ಸನ್. ಹಾಗಾಗಿ ಹಳೇ ಕಾಗದ ಇಟ್ಟ ಲೈಬ್ರರಿಯ ಕ್ಯಾಟಲಾಗಲ್ಲಿ ಎಲ್ಲಾ ಹೆಸರು ಹಾಕಿ ಹುಡುಕ್ಬೇಕು. ನಾವು ಕಾಸರಗೋಡಿನವ್ರಿಗೆ ಇದು ಹೊಸತೇನಲ್ಲ, 1956 ನವೆಂಬರ್ 1ರ ತನಕ ನಾವು ಮದ್ರಾಸ್ ಕಡೆಯ ಸೌತ್ ಕೆನರಾ, ಜಿಲ್ಲೆ ಆದದ್ದು 1984ರಲ್ಲಿ, ಅಜ್ಜನ ಕಾಲದ ಕಾಗದ ಕೇರಳ ಅಂತ ಹುಡುಕಿದ್ರೆ ಎಲ್ಲಿ ಸಿಗ್ತದೆ ಹೇಳಿ.

ಆಮೇಲೆ ತಾರೀಕು. ಒಂದು ನೋಟ್‌ಬುಕ್ಕಲ್ಲಿ ಬರೆದ ದಿನ, ಮುಟ್ಟಿದ ದಿನ ಬೇರೆ ಬೇರೆ ಗೀಟು ಹಾಕಿ ಬರ್ಕೊಳ್ಳಿ. ಯುದ್ಧದಲ್ಲಿ ಟಪ್ಪಾಲು ತಡ, ಒಬ್ಬನ ಉತ್ತರ ಹೊರಡುವಾಗ ಇನ್ನೊಬ್ಬನ ಎರಡನೇ ಪತ್ರ ದಾರಿಯಲ್ಲಿ ಇರ್ತದೆ, ನೀವು ಇದು ಅದಕ್ಕೇ ಉತ್ತರ ಅಂತ ಗ್ರಹಿಸಿದ್ರೆ ಕಥೆಯೇ ಉಲ್ಟಾ. 1941 ಜನವರಿಯಲ್ಲಿ ಹ್ಯಾಲಿಫ್ಯಾಕ್ಸ್ ರಾಯಭಾರಿಯಾಗಿ ಯುದ್ಧನೌಕೆಯಲ್ಲಿ ಅಮೆರಿಕಕ್ಕೆ ಹೋದ್ರು, ಅದೇ ವರ್ಷ ಡಾಸನ್ ಕುರ್ಚಿ ಬಿಟ್ರು, ಬ್ಯಾರಿಂಗ್ಟನ್-ವಾರ್ಡ್ ಬಂದ್ರು. ಅಂದ್ರೆ ಅದ್ರ ಮತ್ತಿನ ಪತ್ರ ಎಡಿಟರಿಗೆ ಬರೆದದ್ದಲ್ಲ, ರಿಟೈರಾದ ದೋಸ್ತಿಗೆ. ಮಾತಿನ ತೂಕವೇ ಬೇರೆ ಆಗ್ತದೆ.

ಪತ್ರ ಇಲ್ಲದ ದಿನವನ್ನೂ ಬಿಡ್ಬೇಡಿ. 1938 ಸೆಪ್ಟೆಂಬರ್ 7ರಂದು ಜೆಕೊಸ್ಲೊವಾಕಿಯಾ ಜರ್ಮನರಿರುವ ಅಂಚಿನ ಜಾಗ ಬಿಟ್ಟುಕೊಡುದು ಒಳ್ಳೇದೋ ಏನೋ ಅಂತ 'ಟೈಮ್ಸ್' ಸಂಪಾದಕೀಯ ಬರೀತು, ಇದು ಸರ್ಕಾರದ ಅಭಿಪ್ರಾಯ ಅಲ್ಲ ಅಂತ ವಿದೇಶಾಂಗ ಇಲಾಖೆ ಹೇಳ್ಬೇಕಾಯ್ತು. ಆದ್ರೆ ಅವತ್ತೇ ಮಧ್ಯಾಹ್ನ ವಿದೇಶಾಂಗ ಮಂತ್ರಿ ಹ್ಯಾಲಿಫ್ಯಾಕ್ಸ್ ಮತ್ತೆ ಡಾಸನ್ ಒಟ್ಟಿಗೆ ಊಟಕ್ಕೆ ಕೂತಿದ್ರು! ಒಂದೇ ಊರಲ್ಲಿ ಇದ್ದವ್ರಿಗೆ ಕಾಗದ ಯಾಕೆ? ಅಂಥ ಕಡೆ ಡೈರಿ ನೋಡ್ಬೇಕು, ಡಾಸನ್ನದು ಆಕ್ಸ್‌ಫರ್ಡಿನ ಬಾಡ್ಲಿಯನ್ ಲೈಬ್ರರಿಯಲ್ಲಿ, ಹ್ಯಾಲಿಫ್ಯಾಕ್ಸ್‌ದು ಯಾರ್ಕಿನ ಬಾರ್ಥ್ವಿಕ್ ದಾಖಲೆ ಸಂಗ್ರಹದಲ್ಲಿ ಉಂಟು.

ಇನ್ನು ಪ್ರತೀ ಪತ್ರದ ಪಕ್ಕ ಆಮೇಲಿನ ನಾಲ್ಕು ದಿನದ ಪೇಪರ್ ಇಡಿ. ಏನು ಬಂತು ಅನ್ನುದಕ್ಕಿಂತ ಏನು ಬರ್ಲಿಲ್ಲ ನೋಡಿ. 1937ರಲ್ಲಿ ಡಾಸನ್ನೇ ತನ್ನ ವರದಿಗಾರನಿಗೆ, ಜರ್ಮನರಿಗೆ ನೋವಾಗುವಂಥದ್ದು ಪೇಪರಲ್ಲಿ ಬಾರದ ಹಾಗೆ ರಾತ್ರಿ ರಾತ್ರಿ ಕಷ್ಟಪಡ್ತಿದ್ದೇನೆ ಅನ್ನುವ ಅರ್ಥದಲ್ಲಿ ಬರೆದಿದ್ದ. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ?

ಮನೆಯ ಅಟ್ಟದಲ್ಲಿ ಹಳೇ ಕಾಗದ ಇದ್ರೂ ಕ್ರಮ ಇದೇ. ಟೇಪ್ ಅಂಟಿಸ್ಬೇಡಿ, ನೋಟ್ಸ್ ಪೆನ್ಸಿಲಲ್ಲಿ ಮಾಡಿ, ಲಕೋಟೆಯ ಎರಡೂ ಬದಿ ಫೋಟೋ ತೆಗೀರಿ. ನಾನು ಸಣ್ಣವನಿರುವಾಗ ಸ್ಟ್ಯಾಂಪಿನ ಆಸೆಗೆ ದೊಡ್ಡಜ್ಜ ಬರ್ಮಾದಿಂದ ಹಾಕಿದ ಲಕೋಟೆ ಬಿಸಿನೀರಿನ ಚೆಂಬಿಗೆ ಹಾಕಿದ್ದೆ. ಸ್ಟ್ಯಾಂಪ್ ಚೆಂದ ಬಿಟ್ಟು ಬಂತು, ಸೆನ್ಸಾರ್ ಸೀಲೂ ತಾರೀಕೂ ನೀರಲ್ಲಿ ನೀಲಿಯಾಗಿ ಹೋಯ್ತು, ಅಜ್ಜಿ ಎರಡು ದಿನ ಮಾತಾಡ್ಲಿಲ್ಲ.